ಗುಡವಿಯ ಕೊಕ್ಕರೆಗಳ ವೇಗ

ಮಧ್ಯಾಹ್ನ ಎರಡೂವರೆಗೆ ಮೈತ್ರಿಯ ಕೊಕ್ಕರೆಗಳು ಶಿಕಾರಿಪುರದ ಲ್ಯಾಬಿನ ಪರದೆಯ ಮೇಲೆ ಬೀಸಿದ ಕಲ್ಲಿನ ಹಾಗೆ ಹಾರಿ ಮರೆಯಾದವು. ಗುಡವಿ ಪಕ್ಷಿಧಾಮದ ಕೆರೆಯ ಹಕ್ಕಿ ಎಣಿಸುವುದೇ ಅವಳು ಸ್ಪರ್ಧೆಗೆಂದು ಬರೆದ ಕಂಪ್ಯೂಟರ್ ಆಟ. ತೀರ್ಪುಗಾರ ನಾಗರಾಜ ಒಂದನ್ನೂ ಎಣಿಸಲಾರದೆ ಹೋದರು.

"ಯಾರೋ ಕೆಡಿಸಿದಾರೆ! ನನ್ನ ಪೆನ್‌ಡ್ರೈವ್ ಮಹಾಂತೇಶನ ಕೈಲಿತ್ತು. ಅವನೂ ಸ್ಪರ್ಧೆಲಿದಾನೆ," ಎಂದಳು ಮೈತ್ರಿ.

"ಎಲ್ಲಾರದೂ ಲ್ಯಾಬಿನ ಕಂಪ್ಯೂಟರಿಗೆ ಕಾಪಿ ಮಾಡೀನ್ರೀ, ಅಷ್ಟೇ," ಎಂದ ಮಹಾಂತೇಶ್. ಮೈತ್ರಿ ಮುಖ ತಿರುಗಿಸಿದಳು. "ಹಂಗಾದ್ರ ನನ್ನ ಆಟಾನೂ ಸ್ಪರ್ಧೆದಾಗಿಂದ ತಗೀರಿ," ಎಂದು ಚೀಲ ಹೆಗಲಿಗೇರಿಸಿ ಹೊರಟೇಹೋದ.

ಬಹುಮಾನ ಒಂದು ಲ್ಯಾಪ್‌ಟಾಪ್. ಮೈತ್ರಿಗೆ ಸ್ವಂತದ್ದಿರಲಿಲ್ಲ, ಸೊರಬದ ಗ್ರಂಥಾಲಯದ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲೇ ಆಟ ಬರೆದಿದ್ದಳು. ವಿಂಡೋಸ್, ಲಿನಕ್ಸ್ ಎರಡೂ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಅದು ಓಡಬೇಕೆಂಬುದು ನಿಯಮ; ಲ್ಯಾಬಿನದು ಲಿನಕ್ಸ್. ನಾಲ್ಕಕ್ಕೆ ಫಲಿತಾಂಶ.

ಲ್ಯಾಬ್ ನೋಡಿಕೊಳ್ಳುವ ಅಶ್ವಿನಿ ತನ್ನ ಗುರು ರಾಜೇಶ್ವರಮ್ಮನವರನ್ನು ಕರೆತಂದಳು. ನಿವೃತ್ತ ಗಣಿತ ಮೇಡಂ. ಊರಿನ ಬಿಡಿಸಲಾಗದ ತಕರಾರುಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಅವರು ಆಟವನ್ನು ಮೂರು ಬಾರಿ ನೋಡಿ, ಪರದೆಯ ಮೂಲೆಯಲ್ಲಿದ್ದ ಆಟದ ಗಡಿಯಾರವನ್ನು ತಮ್ಮ ಕೈಗಡಿಯಾರಕ್ಕೆ ಹೋಲಿಸಿದರು. ಅರವತ್ತು ಸೆಕೆಂಡು, ಸರಿಯಾಗಿತ್ತು.

"ಅಶ್ವಿನಿ, ನಿನ್ನ ಹಳೇ ಲ್ಯಾಪ್‌ಟಾಪ್ ತಾರೆ. ಅದೂ ಲಿನಕ್ಸೇ ಅಲ್ವಾ?"

ಅದರಲ್ಲಿ ಅದೇ ಪೆನ್‌ಡ್ರೈವ್ ಹಾಕಿದಾಗ ಕೊಕ್ಕರೆಗಳು ನಿಧಾನವಾಗಿ, ಚೆಂದವಾಗಿ ತೇಲಿದವು. ಅಶ್ವಿನಿಗೆ ಏನೂ ಅರ್ಥವಾಗಲಿಲ್ಲ.

ಮೂರೂಮುಕ್ಕಾಲಿಗೆ ಮೇಡಂ ಎಲ್ಲರನ್ನೂ ಸೇರಿಸಿದರು.

"ಪೆನ್‌ಡ್ರೈವಿನ ಕಡತ ಕೊನೇ ಸಲ ಬದಲಾದದ್ದು ನಿನ್ನೆ ಸಂಜೆ, ಸೊರಬದಲ್ಲಿ. ಲ್ಯಾಬಿನ ಪ್ರತಿ ಅದಕ್ಕೆ ಅಕ್ಷರಶಃ ಸಮ. ಹಾಗಾಗಿ ಮಹಾಂತೇಶ್ ಅಲ್ಲ. ಹಳೇ ಲಿನಕ್ಸಲ್ಲಿ ಸರಿಯಾಗಿ ಓಡ್ತು, ಹಾಗಾಗಿ ಲಿನಕ್ಸೂ ಅಲ್ಲ. ಗಡಿಯಾರ ಸರಿ, ಹಕ್ಕಿ ಮಾತ್ರ ಜೋರು. ಮೈತ್ರಿ, ವೇಗ ಹೇಗೆ ಹೊಂದಿಸಿದೆ?"

"ಗುಡವಿಲಿ ಕೂತು ಹಕ್ಕಿ ಹಾರೋದು ನೋಡ್ದೆ ಮೇಡಂ. ಆಮೇಲೆ ಪರದೆ ಮೇಲೆ ಹಾಗೇ ಕಾಣೋವರೆಗೂ ಅಂಕಿ ತಿದ್ದಿದೆ."

"ನೀನು ಬರೆದ ಸಾಲಲ್ಲಿ, ಯಂತ್ರ ಪರದೆಯ ಚಿತ್ರ ಹೊಸದಾಗಿ ಬರೆದಾಗೆಲ್ಲ ಹಕ್ಕಿ ಎರಡು ಚುಕ್ಕೆ ಮುಂದೆ. ಗ್ರಂಥಾಲಯದ ಯಂತ್ರ ಸೆಕೆಂಡಿಗೆ ಮೂವತ್ತು ಸಲ ಬರೆಯುತ್ತೆ, ಅಶ್ವಿನಿಯ ಹಳೇದೂ ಅಷ್ಟೇ; ಲ್ಯಾಬಿನ ಈ ಯಂತ್ರ ನೂರಿಪ್ಪತ್ತು. ಹಕ್ಕಿ ನಾಲ್ಕು ಪಟ್ಟು ಓಡ್ತು. ಎಷ್ಟು ಸಲ ಚಿತ್ರ ಬರೀತು ಅನ್ನೋದರ ಮೇಲಲ್ಲ, ಎಷ್ಟು ಹೊತ್ತಾಯ್ತು ಅನ್ನೋದರ ಮೇಲೆ ಹಕ್ಕಿ ಚಲಿಸಬೇಕಿತ್ತು."

"ಹಾಗಾದ್ರೆ ಕೆಡಿಸಿದ್ದು?"

"ನೀನೇ ಮಗಳೇ. ಇರೋ ಒಂದೇ ಯಂತ್ರ ನಂಬಿದೆ."

"ಒಂದೇ ಸಾಲು, ನಾನು ತಿದ್ದಲಾ ಸಾರ್?" ಅಶ್ವಿನಿಯ ಬೆರಳು ಆಗಲೇ ಕೀಲಿಯ ಮೇಲಿತ್ತು. ನಾಗರಾಜ ತಲೆ ಅಲ್ಲಾಡಿಸಿದರು. ಸಲ್ಲಿಸಿದ ಮೇಲೆ ತಿದ್ದುವಂತಿರಲಿಲ್ಲ. ಮೈತ್ರಿ ಮಹಾಂತೇಶನಿಗೆ ಫೋನು ಮಾಡಿದಳು, ಸ್ವಿಚ್ಡ್ ಆಫ್.

ನಾಲ್ಕಕ್ಕೆ ಲ್ಯಾಪ್‌ಟಾಪು ಬೇರೆ ಯಾರಿಗೋ ಹೋಯಿತು. ಮೈತ್ರಿ ಅತ್ತ ನೋಡಲೂ ಇಲ್ಲ.

"ಅಕ್ಕಾ," ಎಂದಳು ಅಶ್ವಿನಿಗೆ, "ಮಹಾಂತೇಶನ ಮನೆ ಯಾವ ಕಡೆ?"