ಎಡದಿಂದ ಮೂರನೆಯವರು

"ಲಕ್ಕಣ್ಣಾ, ಪೆನ್ಸಿಲ್ ತಂದಿದ್ದೀಯೇನೋ?"

ಅಜ್ಜಂಪುರದ ಬಸ್ಸಿನ ಮುಂದಿನ ಸೀಟಿನಿಂದ ಮಲ್ಲಿಕಾಂಬ ಕೂಗಿದಳು. ಬಸ್ಸೆಲ್ಲ ತಿರುಗಿ ನನ್ನನ್ನು ನೋಡಿತು. ನನಗೋ, ಅವಳ ಬಾಯಲ್ಲಿ ನನ್ನ ಹೆಸರು ಇನ್ನೊಂದು ಸಲ ಕೇಳುವ ಆಸೆ.

"ಕೇಳಿಸ್ಲಿಲ್ಲ!"

"ಕಿವಿಗೇನಾಗಿದ್ಯೋ ಲಕ್ಕಣ್ಣಾ!"

ಎಂಬತ್ತೆರಡನೇ ಇಸವಿಯ ಮಾತು. ತರೀಕೆರೆಯ ನಮ್ಮ ಕಾಲೇಜಿನಲ್ಲಿ ದಾಕ್ಷಾಯಣಮ್ಮ ಮೇಡಂ ಪ್ರಬಂಧದ ಕ್ಲಾಸಿಗೆ ಹಳೇ ಕಾಗದಗಳನ್ನು ತಂದು ಇಬ್ಬಿಬ್ಬರಿಗೆ ಒಂದೊಂದು ಹಂಚಿದ್ದರು. ನಮ್ಮ ಪಾಲಿಗೆ ಬಂದದ್ದು ಅಜ್ಜಂಪುರದ ಹೆಂಗಸರ ಸಂಘದ ಗ್ರೂಪ್ ಫೋಟೋ. ಕೆಳಗೆ ಅಚ್ಚಾಗಿದ್ದದ್ದು ಬರೀ ಗಂಡಂದಿರ ಹೆಸರು. ಶ್ರೀ ಇಂಥವರ ಧರ್ಮಪತ್ನಿ, ಶ್ರೀ ಅಂಥವರ ಧರ್ಮಪತ್ನಿ.

"ಹೋಗಿ ಕೇಳ್ಕೊಂಡ್ ಬನ್ನಿ. ಅವರ ಸ್ವಂತ ಹೆಸ್ರು, ಸ್ವಂತ ಮಾತು ಅಂಚಲ್ಲಿ ಬರೀರಿ. ಅದೇ ನಿಮ್ಮ ಪ್ರಬಂಧ" ಎಂದಿದ್ದರು ಮೇಡಂ.

ಬಸ್ಸಿಳಿದು ನಡೆಯುವಾಗ ಮಲ್ಲಿಕಾಂಬ ಮೆಲ್ಲಗೆ ಹೇಳಿದಳು. "ಸೋಮವಾರ ನನ್ನ ನೋಡಕ್ಕೆ ಶಿವಮೊಗ್ಗದಿಂದ ಬರ್ತಾರಂತೆ. ನಾನಿನ್ನೂ ಅಪ್ಪಂಗೆ ಹೂಂ ಅಂದಿಲ್ಲ."

ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಎದೆಯಲ್ಲಿ ಏನೇನೋ ಇತ್ತು. ಬಾಯಿಗೆ ಬಂದದ್ದು ಮಾತ್ರ, "ಶಿವಮೊಗ್ಗ ಒಳ್ಳೇ ಊರು."

"ದಡ್ಡ!" ಎಂದು ಸರಸರ ಮುಂದೆ ಹೋದಳು.

ಫೋಟೋದಲ್ಲಿ ಎಡದಿಂದ ಮೂರನೆಯವರಾಗಿದ್ದ ಅಜ್ಜಿ ನಾವು ಹೋದಾಗ ತಮ್ಮ ಮನೆ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ನನ್ನೆಸ್ರಾ? ಪ್ರೇಮಮ್ಮ. ಬರ್ಕೊಳವ್ವ."

"ಯಜಮಾನ್ರ ಹೆಸ್ರು ಇಲ್ಲಿ ಹಾಕಿರೋದು ಸರೀನಾ ಅಜ್ಜಿ? ನೀವೇ ಒಂದ್ಸಲ ಹೇಳಿ."

"ಅಯ್ಯೋ, ಗಂಡನ ಹೆಸ್ರು ಬಾಯಲ್ಲಿ ತಗೋತಾರೇನೇ? ಕಾಗದದಲ್ಲಿ ನಮ್ಮೆಸ್ರಿಲ್ಲ, ನಮ್ಮ ಬಾಯಲ್ಲಿ ಅವರೆಸ್ರಿಲ್ಲ. ಸರಿಗೆ ಸರಿ ಹೋಯ್ತು!"

ಮಲ್ಲಿಕಾಂಬ ನಗುತ್ತಾ ಬರೆದುಕೊಂಡಳು. "ಹೆಸ್ರು ಹೇಳೋದು ಮದ್ವೆ ಆದ್ಮೇಲೆ ಬಿಟ್ರಾ?"

"ಇಲ್ಲ ಕಣೇ. ಮನಸಿಗೆ ಹಿಡಿದ್ರಲ್ಲ, ಅವತ್ತೇ. ಆಮೇಲೆ ನಾಲಿಗೇನೇ ಹೊರಳ್ಲಿಲ್ಲ."

ಪೆನ್ಸಿಲ್ ನಿಂತಿತು. ಅಜ್ಜಿ ನನ್ನ ಕಡೆ ಗದ್ದ ಎತ್ತಿದರು. "ಈ ಹುಡುಗನ ಹೆಸ್ರೇನವ್ವ?"

ನಾನು ಬಾಯಿ ತೆರೆದೆ.

"ನಿನ್ನ ಕೇಳ್ಲಿಲ್ಲ ಕಣಪ್ಪ."

ಮಲ್ಲಿಕಾಂಬ ತಲೆ ತಗ್ಗಿಸಿದಳು. ಕಿವಿಯ ತುದಿ ಕೆಂಪಾಯಿತು. ಅಜ್ಜಿ ಕಾದರು, ನಾನೂ ಕಾದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಳೇ ಹೊರತು ಉಸಿರೆತ್ತಲಿಲ್ಲ.

"ಹಂಗಾ ಸಮಾಚಾರ!" ಅಜ್ಜಿ ನಕ್ಕು, ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

ನಾನು ಅವಳ ಕಡೆ ತಿರುಗಿದೆ. "ಮಲ್ಲೀ, ನಾನು ಬಂದು ಕೇಳಿದ್ರೆ ನಿಮ್ಮಪ್ಪ ಬಾಗಿಲೊಳಗೆ ಬಿಟ್ಕೋತಾರಾ? ನಾವು ಕುರಿ ಸಾಕೋ ಜನ."

"ಬಿಟ್ಕೊಳ್ಳಲ್ಲ."

ಕಣ್ಣೆತ್ತಿ ನೋಡಿದಳು.

"ಆದ್ರೂ ಬನ್ರೀ."