ಕಿಟಕಿಯಲ್ಲಿ ಬಂದ ಸ್ಲೈಡು

ಲ್ಯಾಬಿನ ಎರಡು ಕೋಣೆಗಳ ನಡುವೆ ಒಂದು ಪುಟ್ಟ ಕಿಟಕಿ. ಆಚೆ ಕಡೆ ಅವಳು. ರೋಗಿಗಳ ಮೈಯಿಂದ ತೆಗೆದ ಮಾಂಸದ ಚೂರನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಕೊಡುವ ಟೆಕ್ನಿಷಿಯನ್. ಈಚೆ ಕಡೆ ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವ ಡಾಕ್ಟರು. ಒಂದು ಕಣ್ಣು ಮುಚ್ಚಿ ನೋಡುವ ಅವನ ಚಾಳಿಗೆ ಅವಳಿಟ್ಟ ಹೆಸರು ಒಂಟಿಕಣ್ಣ.

ಟ್ರೇ ದಾಟಿಸುವಾಗಲೆಲ್ಲ "ಹೇಗಿದೆ ಡಾಕ್ಟ್ರೇ?" ಎಂದು ಕೇಳುವಳು. ಅವನು ರೋಗದ ಸುದ್ದಿ ಬಿಟ್ಟು ಬಣ್ಣದ ಸುದ್ದಿ ತೆಗೆಯುವನು. ಇವತ್ತು ಗುಲಾಬಿ ಹೆಚ್ಚಾಯಿತು ಎಂದು ಛೇಡಿಸುವನು. ಅವಳು ತುಟಿ ಕಚ್ಚಿ ನಗು ತಡೆದು, ಹುಬ್ಬಿನಲ್ಲೇ ಜಗಳಕ್ಕೆ ಕರೆಯುವಳು. ಆರು ವರ್ಷ ಹೀಗೇ. ಮನಸ್ಸಿನ ಮಾತು ಮಾತ್ರ ಅವನ ಗಂಟಲು ದಾಟಲಿಲ್ಲ.

ಒಮ್ಮೆ ಅವಳು ಮೂರು ತಿಂಗಳ ರಜೆ ಹಾಕಿದಳು. ಅಣ್ಣನ ಊರಿಗೆ ಎಂದಷ್ಟೇ ಹೇಳಿದಳು. ಅಣ್ಣ ಗಂಡು ಹುಡುಕುತ್ತಿರುವುದು ಲ್ಯಾಬಿಗೆಲ್ಲ ಗೊತ್ತಿತ್ತು. ತಿರುಗಿ ಬಂದವಳು ಸೊರಗಿದ್ದಳು, ಎಡಗೈಯನ್ನು ಮೈಗೆ ಒತ್ತಿಕೊಂಡು ನಡೆಯುತ್ತಿದ್ದಳು. ಕೇಳಿದರೆ ಎಲ್ಲಿ ಲಗ್ನಪತ್ರಿಕೆ ಕೊಟ್ಟುಬಿಡುತ್ತಾಳೋ ಎಂದು ಇವನು ಕೇಳಲೇ ಇಲ್ಲ. ಮುಖ ಊದಿಸಿಕೊಂಡು ಕೂತ, ದೊಡ್ಡ ಗಂಡಸು.

ವರ್ಷ ಕಳೆದ ಮೇಲೆ ಟ್ರೇಯಲ್ಲಿ ಸ್ತನದ ಚೂರೊಂದರ ಸ್ಲೈಡು ಬಂತು. ಹೆಸರಿಲ್ಲ, ನಂಬರ್ ಮಾತ್ರ; ಆ ಲ್ಯಾಬಿನ ಪದ್ಧತಿಯೇ ಹಾಗೆ. ಫಾರಂ ತುಂಬುವವಳು ಅವಳೇ. ಹಿಂದೆ ರೇಡಿಯೇಶನ್ ಆಗಿದೆಯೇ ಎಂಬ ಕಾಲಂನಲ್ಲಿ 'ಇಲ್ಲ' ಎಂದಿತ್ತು. ಅವಳ ದುಂಡು ಅಕ್ಷರವನ್ನು ಅವನು ತನ್ನ ಕಣ್ಣಿಗಿಂತ ಹೆಚ್ಚು ನಂಬುತ್ತಿದ್ದ.

ಜೀವಕೋಶಗಳು ಉಬ್ಬಿದ್ದವು. ನ್ಯೂಕ್ಲಿಯಸ್ ದೊಡ್ಡದು, ಕಪ್ಪು, ವಿಕಾರ.

"ಹೇಗಿದೆ ಡಾಕ್ಟ್ರೇ?" ಅಂದು ಅವಳ ದನಿಯಲ್ಲಿ ಕೀಟಲೆ ಇರಲಿಲ್ಲ.

"ಕ್ಯಾನ್ಸರ್," ಎಂದ, ತಲೆ ಎತ್ತದೆ.

"ಇನ್ನೊಂದ್ಸಲ ನೋಡ್ತೀರಾ?"

"ನನ್ನ ಕೆಲಸ ನನಗೆ ಬಿಡಿ."

ಅವಳು ಕಿಟಕಿ ಮುಚ್ಚಿದಳು.

ಮೂರು ವಾರಕ್ಕೆ ಅದೇ ನಂಬರಿನ ಇಡೀ ಸ್ತನ ಲ್ಯಾಬಿಗೆ ಬಂತು. ಅವಳು ಮತ್ತೆ ರಜೆಯಲ್ಲಿದ್ದಳು. ಬೇರೊಬ್ಬ ಟೆಕ್ನಿಷಿಯನ್ ನಲವತ್ತು ಸ್ಲೈಡು ಮಾಡಿಕೊಟ್ಟ. ನಲವತ್ತರಲ್ಲಿ ಒಂದರಲ್ಲೂ ಕ್ಯಾನ್ಸರ್ ಇಲ್ಲ. ರಕ್ತನಾಳಗಳ ಗೋಡೆ ದಪ್ಪಗಾಗಿತ್ತು, ಸುತ್ತಲಿನ ಮಾಂಸ ನಾರುನಾರಾಗಿ ಬಿಗಿದಿತ್ತು. ಉಬ್ಬಿದ ಕೋಶಗಳು ಅಲ್ಲೊಂದು ಇಲ್ಲೊಂದು, ಬೇಲಿ ದಾಟದೆ ತಮ್ಮ ಜಾಗದಲ್ಲೇ ಕೂತಿದ್ದವು. ರೇಡಿಯೇಶನ್‌ಗೆ ಬೆಂದ ಒಳ್ಳೆಯ ಕೋಶವೂ ಕ್ಯಾನ್ಸರಿನ ವೇಷದಲ್ಲಿ ಕಾಣುತ್ತದೆ, ಮೋಸ ಹೋಗಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ಅವನೇ. ಸರ್ಜನ್‌ಗೆ ಫೋನ್ ಮಾಡಿದ. ಹೋದ ವರ್ಷ ಅಣ್ಣನ ಊರಲ್ಲಿ ಇದೇ ಸ್ತನದ ಕ್ಯಾನ್ಸರ್ ಗಂಟು ತೆಗೆಸಿ ರೇಡಿಯೇಶನ್ ಆಗಿತ್ತಲ್ಲ, ನಿಮ್ಮ ಲ್ಯಾಬಿನವಳೇ ಅಲ್ಲವೇ, ನಿಮಗೆ ಗೊತ್ತಿಲ್ಲವೇ ಎಂದು ಅವರು ಬೆರಗಾದರು.

ವಾರ್ಡಿನಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಅವಳ ಕೈ ಬ್ಯಾಂಡೇಜಿನ ಮೇಲೆ ಹೋಯಿತು.

"'ಹೌದು' ಅಂತ ಬರ್ದಿದ್ರೆ ವಯಸ್ಸು, ಆ ಮೂರು ತಿಂಗ್ಳು, ಎಲ್ಲಾ ಕೂಡಿಸಿ ನಾನೇ ಅಂತ ಕಂಡುಹಿಡೀತಿದ್ರಿ," ಎಂದಳು. "ನೀವೊಬ್ರು ನನ್ನನ್ನ ರೋಗಿ ಥರ ನೋಡೋದು ಬೇಡ ಅನ್ನಿಸ್ತು."

ಆರು ವರ್ಷದ ಮಾತು ಆಗ ಹೊರಬಿತ್ತು. ನಿಮ್ಮನ್ನು ಪ್ರೀತಿಸುತ್ತೇನೆ, ಮದುವೆಯಾಗೋಣ ಎಂದ.

"ಇದನ್ನ ಕಿಟಕೀಲಿ ಹೇಳಿದ್ರೆ ಕುಣಿದುಬಿಡ್ತಿದ್ದೆ. ಈಗ ಇದು ತಪ್ಪುಕಾಣಿಕೆ. ನಂಗೆ ಬೇಡ." ಅವಳು ಮೊದಲ ಸಲ ಅವನತ್ತ ತಿರುಗಿದಳು. "ಹೋಗಿ ರಿಪೋರ್ಟ್ ತಿದ್ದಿ. 'ಇಲ್ಲ' ಅಂತ ಬರ್ದಿದ್ದು ನಾನು ಅಂತಾನೂ ಹಾಕಿ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಕೋಪ ಅವನದು, ಕೊಯ್ಯಿಸಿಕೊಂಡವಳು ಅವಳು.

ಈಗಲೂ ಟ್ರೇ ಅದೇ ಕಿಟಕಿಯಿಂದ ಬರುತ್ತದೆ. ರೇಡಿಯೇಶನ್ ಕಾಲಂನ ಕೆಳಗೆ ಅವಳು ಕೆಂಪು ಗೆರೆ ಎಳೆದಿರುತ್ತಾಳೆ. ಅವನು ಪ್ರತಿ ಸ್ಲೈಡನ್ನೂ ಎರಡು ಸಲ ನೋಡುತ್ತಾನೆ. ಟ್ರೇ ಹಿಂತಿರುಗಿಸುವಾಗ ಕೈ ಬಿಡದೆ ಒಂದು ಕ್ಷಣ ಕಾಯುತ್ತಾನೆ. ಹೇಗಿದೆ ಎಂದು ಅವಳು ಕೇಳುವುದಿಲ್ಲ.