ಬೋಳುಗುಡ್ಡದ ನೆಲಸೀತಾಳೆ

ಬಹಳ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ನೀಲಕೋಟೆ ಎಂಬ ಸಣ್ಣ ರಾಜ್ಯವಿತ್ತು. ಅಲ್ಲಿ ಕಂಬಳಿ ನೇಯುವ ಅಕ್ಕತಂಗಿಯರಿದ್ದರು. ಅಕ್ಕ ಸಾವಂತ್ರಿ, ತಂಗಿ ಕೆಂಪಿ. ಒಂದು ಮಳೆಗಾಲದ ಬೆಳಿಗ್ಗೆ ಮಂತ್ರವಾದಿ ಕಟುಕೇತ ಬಂದು, "ಸಾವಂತ್ರೀ, ನನ್ನನ್ನು ಮದುವೆಯಾಗು" ಎಂದ. ಅವಳು ಒಲ್ಲೆ ಎಂದಳು. ಅವನು ಬೂದಿ ಎರಚಿದ. ಅವಳು ನಿಂತಲ್ಲೇ ಒರಳಿನಷ್ಟು ದೊಡ್ಡ ಕಲ್ಲಾದಳು.

"ಇವತ್ತು ಹೊತ್ತು ಮುಳುಗಿದರೆ ಇವಳು ಎಂದೆಂದಿಗೂ ಕಲ್ಲೇ" ಎಂದು ನಕ್ಕು ಹೋದ.

ಕೆಂಪಿ ಮದ್ದು ಕೊಡುವ ಅಜ್ಜಿಯ ಬಳಿಗೆ ಓಡಿದಳು.

"ಜನ ಹುಲ್ಲಿಗೆ ಬೆಂಕಿ ಹಚ್ಚಿ ಹಚ್ಚಿ, ಬೋಳುಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ನೆಲಸೀತಾಳೆ ಉಳಿದಿದೆ ಮಗಾ" ಎಂದಳು ಅಜ್ಜಿ. "ಗೇಣುದ್ದದ ಗಿಡ, ಪುಟ್ಟ ಬಿಳಿ ಹೂ. ಅದರ ಜೇನು ತಾಗಿದರೆ ಮಾಟ ಬಿಡುತ್ತದೆ. ಆದರೆ ಆ ಮಣ್ಣು ಬಿಟ್ಟು ಅದು ಬದುಕದು. ಕಿತ್ತರೆ ಬರೀ ಕಸ."

ಕೆಂಪಿ ಸೆರಗು ಬಿಗಿದು ಎದ್ದಳು. "ಹೂ ಬರದಿದ್ದರೆ ಬೇಡ ಅಜ್ಜಿ. ಅಕ್ಕನನ್ನೇ ಅಲ್ಲಿಗೆ ಹೊರುತ್ತೇನೆ."

ಕಲ್ಲನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿ ಹತ್ತಿದಳು. ಗುಡ್ಡದ ಬುಡದಲ್ಲಿ ಕಟುಕೇತನ ಹುಲಿ ಅಡ್ಡ ಬಂತು.

"ಕಲ್ಲು ಇಳಿಸು, ದಾರಿ ಬಿಡುತ್ತೇನೆ."

"ಇಳಿಸುವುದಿಲ್ಲ. ತಿನ್ನುವುದಾದರೆ ಇಬ್ಬರನ್ನೂ ತಿನ್ನು."

ಹುಲಿ ಕಲ್ಲಿಗೆ ಬಾಯಿ ಹಾಕಿತು. ಹಲ್ಲು ಮುರಿದು ಓಡಿಹೋಯಿತು.

ನಡುಗುಡ್ಡದಲ್ಲಿ ಜೌಗು ಮೊಣಕಾಲು ನುಂಗಿತು. ಹೆಜ್ಜೆಯಿಟ್ಟಷ್ಟೂ ಆಳ. ಕೆಂಪಿ ಅಂಗಾತ ಬೀಳದೆ ಹುಲ್ಲಿನ ಬುಡ ಹಿಡಿದು ತೆವಳಿದಳು. ಉಗುರಲ್ಲಿ ರಕ್ತ ಬಂತು. ಸೂರ್ಯ ಕೆಂಪಾಗುತ್ತಿದ್ದ.

ನೆತ್ತಿಯಲ್ಲಿ ಕರಿಬಂಡೆ, ಅದರ ಮೇಲೆ ಬೆರಳುದ್ದ ಮಣ್ಣು, ತೊಯ್ದ ಹುಲ್ಲು. ಹುಲ್ಲಿನ ನಡುವೆ ಆ ಹೂ. ಪಕ್ಕದಲ್ಲಿ ಸಾವಂತ್ರಿ ನಿಂತಿದ್ದಳು!

"ಕೆಂಪೀ, ನನಗೆ ಬಿಡುಗಡೆಯಾಯ್ತು ಕಣೇ. ಆ ಹೂ ಕಿತ್ತುಕೊಡು, ಮನೆಗೆ ಹೋಗೋಣ."

ಕೆಂಪಿಯ ಕಣ್ಣು ತುಂಬಿತು. ಕೈ ಮುಂದೆ ಹೋಯಿತು. ಆದರೆ ಬೆನ್ನಿನ ಭಾರ ಇಳಿದಿರಲಿಲ್ಲ.

"ನನ್ನಕ್ಕ ನನ್ನ ಬೆನ್ನ ಮೇಲಿದ್ದಾಳೆ. ನೀನ್ಯಾರು?"

ವೇಷ ಕಳಚಿತು. ಕಟುಕೇತ ಹೂವನ್ನು ತುಳಿಯಲು ಕಾಲೆತ್ತಿದ. ಕೆಂಪಿ ಮೊಣಕೈಯೂರಿ ಹೂವಿನ ಮೇಲೆ ಗೂಡಿನಂತೆ ಬಾಗಿದಳು. ತುಳಿತ ಅವಳ ಪಕ್ಕೆಗೆ ಬಿತ್ತು. ಅವಳು ಅಲುಗಲಿಲ್ಲ. ಕಂಬಳಿ ಜಾರಿ ಕಲ್ಲು ಮೆಲ್ಲನೆ ಹೂವಿಗೊರಗಿತು. ಒಂದು ಹನಿ ಜೇನು ತಾಗಿತು.

ಕಲ್ಲು ಉಸಿರೆಳೆಯಿತು, ಸಾವಂತ್ರಿಯಾಗಿ ಎದ್ದು ಕೂತಿತು. ಮಾಟ ತಿರುಗಿಬಿದ್ದು ಕಟುಕೇತ ತಾನು ಎರಚುತ್ತಿದ್ದ ಬೂದಿಯೇ ಆಗಿ ಗಾಳಿಯಲ್ಲಿ ಹಾರಿಹೋದ.

"ಪಕ್ಕೆ ನೋಯುತ್ತಿದೆಯೇನೇ?" ಎಂದಳು ಸಾವಂತ್ರಿ.

ಕೆಂಪಿ ಅವಳ ಮಡಿಲಲ್ಲಿ ಮುಖವಿಟ್ಟು ಗಟ್ಟಿಯಾಗಿ ಅತ್ತಳು.

ಅಂದಿನಿಂದ ಆ ಗುಡ್ಡಕ್ಕೆ ಯಾರೂ ಬೆಂಕಿ ಹಚ್ಚಲಿಲ್ಲ. ಮಳೆಗಾಲಕ್ಕೊಮ್ಮೆ ನೂರಾರು ನೆಲಸೀತಾಳೆ ಅರಳಿದವು. ಜನ ಬಗ್ಗಿ ನೋಡಿದರು, ಕೀಳಲಿಲ್ಲ. ಅಕ್ಕತಂಗಿಯರು ನಗುನಗುತ್ತ ನೂರು ಮಳೆಗಾಲ ಕಂಡರು.